ಕೋರ್ಟಿಗೆ ಹೋದ ರೊಟ್ಟಿ

ನಮ್ಮ ದೊಡ್ಡವ್ವನ ಮನೆಗೆ ಕಳ್ಳ ಬಂದರೂ ಉಂಡೇ ಹೋಗಬೇಕು! ಮಾತಿಗೆ ಹೇಳುತ್ತಿದ್ದಾನೆ ಅಂತ ಅನ್ನಿಸಿದರೆ ಕುಕನೂರಿನ ನಮ್ಮ ಓಣಿಗೆ ಬಂದು ಯಾರನ್ನಾದರೂ ಕೇಳಿ. ಬಿಲ್ಲು ಕಟ್ಟಿಲ್ಲವೆಂದು ಕರೆಂಟು ಕಡಿಯಲು ಬಂದವನು ಅವಳ ಅಡುಗೆಮನೆಯಲ್ಲಿ ಕೂತು ಪುಂಡಿಪಲ್ಯ ಹಚ್ಚಿಕೊಂಡು ರೊಟ್ಟಿ ತಿಂದು, ಬಂದ ಕೆಲಸ ಮರೆತು ಹೋಗಿದ್ದಾನೆ. ಪಂಚಾಯ್ತಿ ಚುನಾವಣೆಯಲ್ಲಿ ಗೆದ್ದವನೂ ಸೋತವನೂ ಒಂದೇ ಮಧ್ಯಾಹ್ನ ಅವಳ ಪಡಸಾಲೆಯಲ್ಲಿ ಎದುರುಬದುರು ಕೂತು ಉಂಡಿದ್ದಾರೆ. ಅದೂ ಒಂದೇ ಬಟ್ಟಲಿನ ಗುರೆಳ್ಳು ಚಟ್ನಿ ಹಂಚಿಕೊಂಡು! ಇಷ್ಟೆಲ್ಲ ನೋಡಿ ನಕ್ಕವನು ನಾನು. ಆದರೆ ಇದೇ ಗುಣ ಒಂದು ದಿನ ಅವಳ ಬದುಕಿನ ಬುಡಕ್ಕೇ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು ಹೇಳಿ?

ದೊಡ್ಡವ್ವ ಅಂದರೆ ನನ್ನ ತಾಯಿಯ ಅಕ್ಕ. ದೊಡ್ಡಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಆಚೆಯಿಂದ ಬೆಳಗಾದರೆ ಪಟಪಟ ಪಟಪಟ ಅಂತ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ರೊಟ್ಟಿಯೇ ಅವಳ ಕಸುಬು. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ, ಗೃಹಪ್ರವೇಶಗಳಿಗೆ ಬುಟ್ಟಿಗಟ್ಟಲೆ ಖಡಕ್ ರೊಟ್ಟಿ ಮಾಡಿಕೊಡುತ್ತಿದ್ದಳು. ತಾನು ಬಡಿದ ರೊಟ್ಟಿಯನ್ನು ಬಿಸಿಲಿಗೆ ಹಿಡಿದರೆ ಆಚೆ ನಿಂತವರ ಮೀಸೆ ಕಾಣುತ್ತದೆ ಅಂತ ಅವಳ ವಾದ. ಮೊದಲ ರೊಟ್ಟಿ ಹಂಚಿನಿಂದ ಇಳಿದ ಕೂಡಲೇ ಗೋಡೆಗೆ ಗುದ್ದುತ್ತಿದ್ದಳು. ಬಾ, ಉಣ್ಣು ಅಂತ ಅದರ ಅರ್ಥ. ನಾನು ಸಾಲೆಗೆ ಹೋಗುವ ಹುಡುಗನಾಗಿದ್ದಾಗ ಶುರುವಾದ ಈ ಗುದ್ದು, ನಾನೇ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾದ ಮೇಲೂ ನಿಲ್ಲಲಿಲ್ಲ.

ಅವಳಿಗೆ ಇನ್ನೊಂದು ಹುಚ್ಚು ಇದೆ. ಯಾರು ಯಾವಾಗ ಹೇಗಿದ್ದೀರಿ ಅಂತ ಕೇಳಲಿ, "ಆರಾಮ್ ಅದೀನ್ರಿ" ಅನ್ನುವುದು! ನಮ್ಮ ಕಡೆ ಎಲ್ಲರೂ ಹಾಗೆ ಅನ್ನುತ್ತಾರೆ, ನಿಜ. ಆದರೆ ಮೈ ಕೆಂಡದಂತೆ ಸುಡುವಾಗ, ಹಲ್ಲು ಕಿತ್ತು ಬಾಯಿತುಂಬ ಹತ್ತಿ ತುರುಕಿದಾಗ ಯಾರಾದರೂ ಆರಾಮ್ ಅನ್ನುತ್ತಾರೆಯೇ? ಇವಳು ಅನ್ನುತ್ತಾಳೆ. ಹತ್ತಿಯ ಸಂದಿಯಿಂದಲೇ ಅನ್ನುತ್ತಾಳೆ! "ಕೇಳಿದವರಿಗೆ ನಮ್ಮ ತ್ರಾಸು ಯಾಕ ಹೇಳ್ಬೇಕು? ಅವರಿಗೂ ಅವರವು ಇರ್ತಾವು" ಅನ್ನುವುದು ಅವಳ ಕಾಯ್ದೆ.

ಒಂದು ದಿನ ಗಿಣಿಗೇರಾದ ಗೃಹಪ್ರವೇಶವೊಂದಕ್ಕೆ ರೊಟ್ಟಿ ಒಯ್ದಿದ್ದಳು. ಬಸ್ಸಿಳಿದು, ಬುಟ್ಟಿ ಹೊತ್ತು ರಸ್ತೆಯ ಅಂಚಿನಲ್ಲೇ ಹೊರಟಿದ್ದಾಳೆ. ಹಿಂದಿನಿಂದ ಒಂದು ಕಾರು ಬಂದು ಗುದ್ದಿತು. ಬಲಗೈ ಮೈಕೆಳಗೆ ಸಿಕ್ಕಿ ಮಣಿಕಟ್ಟು ಮುರಿಯಿತು. ಜನ ಓಡಿ ಬಂದರೆ ಇವಳು ಮಲಗಿದಲ್ಲಿಂದಲೇ "ರೊಟ್ಟಿ ಎಷ್ಟು ಒಡದ್ವು ನೋಡ್ರಿ" ಅಂದಳಂತೆ! ಕಾರು ನಡೆಸುತ್ತಿದ್ದವನು ಅಲ್ಲಿಯ ಕಾರ್ಖಾನೆಯೊಂದರಲ್ಲಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಹೊರಟಿದ್ದ ಯುವಕ. ಗಡಗಡ ನಡುಗುತ್ತ ನಿಂತಿದ್ದ.

"ಯಾಕ ಹಂಗ ನಡಗಾಕತ್ತಿ ತಮ್ಮಾ? ಉಂಡೀಯಿಲ್ಲ?" ಅಂತ ಕೇಳಿದಳಂತೆ ದೊಡ್ಡವ್ವ. ಅವನು ಇಲ್ಲವೆಂದು ತಲೆಯಾಡಿಸಿದ. "ಬುಟ್ಟ್ಯಾಗ ಒಡೀಲಾರದ್ದು ಇದ್ರ ತಗೊಂಡು ತಿನ್ನು."

ಅವನು ಅಳುತ್ತ ರೊಟ್ಟಿ ತಿಂದು, ಅದೇ ಕಾರಿನಲ್ಲಿ ಇವಳನ್ನು ಕೊಪ್ಪಳದ ದವಾಖಾನೆಗೆ ಸೇರಿಸಿದ. ಫೋನು ಬಂದಾಗ ನಾನು ತರಗತಿಯಲ್ಲಿದ್ದೆ. ನನ್ನ ಸ್ವಭಾವ ನಿಮಗೆ ಗೊತ್ತಿಲ್ಲ. ಹತ್ತು ಗಂಟೆಯ ಬಸ್ಸಿಗೆ ಎಂಟಕ್ಕೇ ಸ್ಟ್ಯಾಂಡಿನಲ್ಲಿ ನಿಂತು, ಬಸ್ಸು ಬರದಿದ್ದರೇನು ಗತಿ ಅಂತ ಬೆವರುವವನು ನಾನು. ಚಾಕ್ ಕೈಯಲ್ಲೇ ಹಿಡಿದು ಓಡಿದೆ. ಅವಳ ಕೈ ಊದಿ ಮೂಲಂಗಿ ಹಾಗಾಗಿತ್ತು. "ಹೆಂಗದೀ ದೊಡ್ಡವ್ವ?" ಅಂದೆ. ಏನು ಅಂದಿರುತ್ತಾಳೆ, ನೀವೇ ಹೇಳಿ!

ಕೈ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಬೆರಳು ಮಡಚಿದರೆ ಪೂರ್ತಿ ಮಡಚುವುದಿಲ್ಲ, ಅಂಗೈ ಊರಿದರೆ ಭಾರ ತಡೆಯುವುದಿಲ್ಲ. ಗೋಡೆಯಾಚೆಯ ಪಟಪಟ ನಿಂತುಹೋಯಿತು. ಖಾನಾವಳಿಯವರು ಬೇರೆ ಕಡೆಯಿಂದ ರೊಟ್ಟಿ ತರಿಸತೊಡಗಿದರು. ನಮ್ಮ ಮನೆಯಲ್ಲೇ ಉಣ್ಣು ಅಂತ ನಾನು, ನನ್ನ ಹೆಂಡತಿ ಕೈ ಮುಗಿದು ಕೇಳಿದೆವು. ಹಬ್ಬಕ್ಕೆ ಬಂದವಳಂತೆ ಒಂದು ಹೊತ್ತು ಉಂಡು, ಮರುದಿನ ಬಾಗಿಲು ಹಾಕಿಕೊಂಡಳು. ಊರಿಗೆಲ್ಲ ಉಣಿಸಿದವಳು ಇನ್ನೊಬ್ಬರ ತಾಟಿನ ಮುಂದೆ ದಿನಾ ಕೂರುತ್ತಾಳೆಯೇ? ಜೀವ ಇರುವವರೆಗೆ ತನ್ನ ಮನೆಯಲ್ಲಿ ತನ್ನ ಅನ್ನ ಉಣ್ಣಬೇಕೆಂದರೆ ಅವಳಿಗೆ ಉಳಿದಿದ್ದ ದಾರಿ ಒಂದೇ, ಅಪಘಾತದ ಪರಿಹಾರ. ಅದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತು ಮಾಡಿಸುವುದರಲ್ಲಿ ನನ್ನ ಅರ್ಧ ಜೀವ ಹೋಯಿತು.

"ಉಣಿಸಿದ ಕೈಲಿಂದ ಕೇಸ್ ಹಾಕ್ತಾರೇನು?" ಅಂದಳು. "ನನ್ನ ರೊಟ್ಟಿ ತಿಂದಾನ ಅವ."

"ಅವನ ಕಿಸೇದಿಂದ ಹೋಗಂಗಿಲ್ಲ ದೊಡ್ಡವ್ವ. ರೋಡಿಗಿಳಿಯೋ ಗಾಡಿಗೆಲ್ಲ ವಿಮಾ ಮಾಡಿಸಿರಲೇಬೇಕು. ಗಾಡಿ ಗುದ್ದಿ ಯಾರಿಗರ ಪೆಟ್ಟಾದ್ರ ವಿಮಾ ಕಂಪನಿ ಪರಿಹಾರ ಕೊಡಬೇಕು. ಅದು ನಿನ್ನ ಹಕ್ಕು."

"ಕಂಪನ್ಯಾವ್ರು ನನಗ ಯಾಕ ಕೊಡ್ಬೇಕು? ಅವರೇನ್ ಗುದ್ಯಾರ? ಪಾಪ, ಅವರ ಮುಖಾನೂ ನೋಡಿಲ್ಲ ನಾ!"

ಅರ್ಜಿ ಹಾಕಲು ಆರು ತಿಂಗಳ ಗಡುವು ಅಂತ ಯಾರೋ ಹೇಳಿದ್ದೇ ತಡ, ನಾನು ಬೆಳಗಾದರೆ ಕ್ಯಾಲೆಂಡರಿನ ಮುಂದೆ ನಿಂತು ದಿನ ಎಣಿಸತೊಡಗಿದೆ. ಕೊನೆಗೆ ಗುದ್ದಿದ ಯುವಕನೇ ಬಂದು ಅವಳ ಕಾಲಿಗೆ ಬಿದ್ದ. "ಪೊಲೀಸರಿಗೆ ತಪ್ಪು ನಂದ ಅಂತ ಬರಕೊಟ್ಟೀನಿ ಯವ್ವಾ. ನೀವು ಪರಿಹಾರ ತಗೊಳ್ಳಿಲ್ಲಂದ್ರ ನನಗ ನಿದ್ದಿ ಹತ್ತಂಗಿಲ್ಲ" ಅಂದ. ಅವನ ನಿದ್ದೆಗೋಸ್ಕರ ದೊಡ್ಡವ್ವ ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು. ತನ್ನ ಕೈಗೋಸ್ಕರ ಅಲ್ಲ!

ಕೊಪ್ಪಳದ ನಮ್ಮ ವಕೀಲರು ಮೆತ್ತಗೆ ಮಾತಾಡುವ ಹಿರಿಯರು. ಕನ್ನಡಕ ಒರೆಸುತ್ತ ನನಗೆ ತಿಳಿಸಿ ಹೇಳಿದರು. "ನೋಡ್ರಿ ಮಾಸ್ತರ್ರ, ಕೈ ಎಷ್ಟು ಕೆಟ್ಟೈತಿ ಅನ್ನೋದು ಒಂದು ಲೆಕ್ಕ. ಆ ಕೈಲಿಂದ ದುಡದು ತಿನ್ನೋ ಕಸುಬು ಎಷ್ಟು ಕೆಟ್ಟೈತಿ ಅನ್ನೋದು ಇನ್ನೊಂದು ಲೆಕ್ಕ. ಕೋರ್ಟು ನೋಡೋದು ಎರಡನೇದ್ದು. ಹಾಡೋ ಮನಷ್ಯಾನ ಮಣಿಕಟ್ಟು ಸೊಟ್ಟಾದ್ರ ಹಾಡು ಉಳೀತೈತಿ. ನಿಮ್ಮ ದೊಡ್ಡವ್ವಾರ್ದು ಹಂಗಲ್ಲ. ಒಟ್ಟ ಈ ಕೈಲಿಂದ ರೊಟ್ಟಿ ಆಗಂಗಿಲ್ಲ ಅನ್ನೋದು ಸಾಹೇಬ್ರಿಗೆ ತಿಳೀಬೇಕು, ಅಷ್ಟ."

ಅಷ್ಟೇ! ಎಷ್ಟು ಸಲೀಸಾಗಿ ಹೇಳಿಬಿಟ್ಟರು ನೋಡಿ.

ಮೊದಲು ಅಂಗವೈಕಲ್ಯದ ಸರ್ಟಿಫಿಕೇಟು ಆಗಬೇಕಿತ್ತು. ಡಾಕ್ಟರು ತಮ್ಮ ಬೆರಳು ಚಾಚಿ, "ಗಟ್ಟಿ ಹಿಡೀರಿ ಅಮ್ಮಾರ, ಎಷ್ಟು ಶಕ್ತಿ ಐತಿ ನೋಡೂಣು" ಅಂದರು. ಉಳಿದವರಾದರೆ ಹೂ ಹಿಡಿದಂತೆ ಹಿಡಿಯುತ್ತಿದ್ದರು. ನಮ್ಮ ದೊಡ್ಡವ್ವ ಹಲ್ಲು ಕಚ್ಚಿ, ಹಣೆಯಲ್ಲಿ ಬೆವರು ಒಡೆಯುವಂತೆ ಹಿಚುಕಿದಳು. ಎಲ್ಲಿ ತಾನು ಕೈಲಾಗದವಳು ಅಂತ ಅವರು ತಿಳಿದುಬಿಡುತ್ತಾರೋ ಅಂತ! ಡಾಕ್ಟರು ಬೆರಳು ಬಿಡಿಸಿಕೊಂಡು ಅವಳ ಮುಖ ನೋಡಿದರು, ಎಕ್ಸ್‌ರೇ ನೋಡಿದರು. "ನಿಮ್ಮ ಬಾಯಿ ಒಂದು ಹೇಳ್ತೈತಿ, ಎಲುವು ಒಂದು ಹೇಳ್ತೈತಿ. ನಾ ಎಲುವಿನ ಮಾತು ಬರೀತೀನಿ" ಅಂದರು. ಆ ಪುಣ್ಯಾತ್ಮರಿಗೆ ನೂರು ವರ್ಷ ಆಯುಷ್ಯ ಬರಲಿ.

ಸಾಕ್ಷಿ ಹೇಳುವ ತಾರೀಖು ಹತ್ತಿರವಾದಂತೆ ನಾನು ಅವಳಿಗೆ ಪಾಠಕ್ಕೆ ನಿಂತೆ. ಎಷ್ಟೋ ದಡ್ಡ ಹುಡುಗರನ್ನು ಎಸ್ಸೆಸ್ಸೆಲ್ಸಿ ದಾಟಿಸಿದವನಿಗೆ ಇದೇನು ಮಹಾ ಅಂದುಕೊಂಡಿದ್ದೆ. ಅವಳ ಅಡುಗೆಮನೆಯೇ ಕೋರ್ಟು, ನಾನೇ ಕಂಪನಿಯ ವಕೀಲ.

"ಹೆಂಗದೀರಿ ಅಮ್ಮಾರ?"

"ಆರಾಮ್ ಅದೀನ್ರಿ."

"ಅಲ್ಲ ದೊಡ್ಡವ್ವ! ಆರಾಮಿಲ್ಲ ಅನ್ನಬೇಕು. ಕೈ ನೋಯ್ತೈತಿ, ರೊಟ್ಟಿ ಬಡಿಯಾಕ ಬರಂಗಿಲ್ಲ ಅನ್ನಬೇಕು. ಅದು ಖರೇ ಐತಿ, ಸುಳ್ಳೇನಲ್ಲ."

"ಆತು ಬಿಡು, ಅಂತೀನಿ."

"ಹೆಂಗದೀರಿ ಅಮ್ಮಾರ?"

"ಆರಾಮ್ ಇಲ್ರಿ." ನಾನು ಖುಷಿಯಿಂದ ಕುಣಿಯಬೇಕು, ಅಷ್ಟರಲ್ಲಿ ಮುಂದುವರಿಸಿದಳು. "ಹಂಗೇನ್ ಭಾಳ ಇಲ್ರಿ, ನೀವ್ ಕಾಳಜಿ ಮಾಡಬ್ಯಾಡ್ರಿ. ನೀವ್ ಆರಾಮಲ್ರಿ?"

ಹೀಗಿರುವಾಗ ಒಂದು ಸಂಜೆ ಸಾಲೆಯಿಂದ ಬಂದೆ. ದೊಡ್ಡವ್ವ ಕಟ್ಟೆಯ ಮೇಲೆ ಗೆಲುವಾಗಿ ಕೂತಿದ್ದಳು. "ಹನುಮಸಾಗರದಾವ ಒಬ್ಬ ಬಂದಿದ್ದ ತಮ್ಮಾ. ಭಾಳ ಛಲೋ ಮನಷ್ಯಾ. ಕೈ ಹೆಂಗೈತ್ರಿ ಅಂತ ಅಂತಃಕರಣದಿಂದ ಕೇಳಿದ."

ನನ್ನ ಕಾಲು ಅಲ್ಲೇ ನಿಂತಿತು. "ನೀ ಏನಂದಿ?"

"ಆರಾಮೈತಿ ಅಂದೆ. ಮತ್ತ ಹೊತ್ತಾಗಿತ್ತು, ಉಂಡಿರಲಿಲ್ಲ. ಉಂಡ್ ಹೋಗ್ರಿ ಅಂದೆ. ಎರಡು ರೊಟ್ಟಿ ಬಡದು ಹಾಕ್ದೆ."

"ಈ ಕೈಲಿಂದ? ಎಲ್ಲಿ ಕೆಲಸ ಮಾಡ್ತೀನಂದ ಅವ?"

"ವಿಮಾ ಕಂಪನ್ಯಾಗಂತ. ತಾನ ಹೇಳಿದ. ಮುಚ್ಚಿಡೋ ಮನಷ್ಯಾ ಅಲ್ಲ ಪಾಪ."

"ದೊಡ್ಡವ್ವ, ರೊಟ್ಟಿ ಬಡಿಯೋವಾಗ ಅವ ಫೋನ್ ಏನರ ಹಿಡದಿದ್ದೇನು?"

"ಹೂಂ ಮತ್ತ, ವಿಡಿಯೋ ತಗೋತೀನಿ ಅಂದ. ಜರಾ ತಡೀಪಾ ಅಂತ ಸೆರಗು ಸರಿ ಮಾಡ್ಕೊಂಡೆ."

ಅಯ್ಯೋ ದೇವರೇ! ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ ಎಂದು ಪತ್ತೆ ಮಾಡಲು ಬಂದವನ ಮುಂದೆ, ಸೆರಗು ಸರಿ ಮಾಡಿಕೊಂಡು, ರೊಟ್ಟಿ ಬಡಿದು, ಅದನ್ನು ಅವನಿಗೇ ಉಣಿಸಿ ಕಳಿಸಿದವಳು ಈ ಭೂಮಿಯ ಮೇಲೆ ಇನ್ನೊಬ್ಬಳಿದ್ದಾಳೆಯೇ? ನಾನು ರೇಗಿಬಿಟ್ಟೆ. ಅವಳು ನನ್ನನ್ನೇ ಪಿಳಿಪಿಳಿ ನೋಡಿದಳು. "ಮನಿಗೆ ಬಂದಾವ್ನ ಹಸದು ಕಳಸ್ಲೇನು?" ಅಂದಳು. ಅವಳಿಗೆ ನಿಜವಾಗಿಯೂ ನನ್ನ ಸಿಟ್ಟು ಅರ್ಥವಾಗಿರಲಿಲ್ಲ.

ಸುದ್ದಿ ಕೇಳಿದ ವಕೀಲರು ಕನ್ನಡಕ ತೆಗೆದವರು ಬಹಳ ಹೊತ್ತು ಹಾಕಿಕೊಳ್ಳಲೇ ಇಲ್ಲ. ಆಮೇಲೆ, "ಬಡದದ್ದು ಹೌದು. ರೊಟ್ಟಿ ಹೆಂಗಾಗಿದ್ವು? ಅದನ್ನ ಕೇಳ್ಕೊಂಡು ಬರ್ರಿ" ಅಂದರು. ಕೇಳಿದೆ. ಎಂದೂ ನನ್ನ ಮೇಲೆ ಸಿಟ್ಟಾಗದವಳು ಅಂದು ಕೆಂಡವಾದಳು.

"ನಾ ಬಡದ ರೊಟ್ಟಿ ಹೆಂಗಾಗಿದ್ವು ಅಂತ ನನ್ನ ಕೇಳ್ತೀಯೇನು? ಹಪ್ಪಳ ಆದಂಗ ಆಗಿದ್ವು!"

ಆದರೆ ಅವಳು ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಬಡಿಯಲು ನೋಡುತ್ತಿದ್ದದ್ದು ನನಗೆ ಗೋಡೆಯಿಂದ ಕೇಳುತ್ತಿತ್ತು. ಒಂದು ಸಲ ಪಟ್ ಅನ್ನುವುದು, ಎಷ್ಟೋ ಹೊತ್ತು ಸದ್ದಿಲ್ಲ, ಮತ್ತೆ ಪಟ್. ಆಮೇಲೆ ಗೋಡೆಗೆ ಗುದ್ದು ಬರುತ್ತಿರಲಿಲ್ಲ. ಅಪಘಾತವಾದ ಮೇಲೆ ನನಗೆ ಅವಳು ಒಂದು ರೊಟ್ಟಿಯನ್ನೂ ಹಾಕಿರಲಿಲ್ಲ. ಕೇಳಿದರೆ, "ಈಗ ನಾ ಅನ್ನಾನ ಉಣ್ತೀನಿ, ಅದ ಸೇರ್ತೈತಿ" ಅನ್ನುತ್ತಿದ್ದಳು.

ತಾರೀಖು ಬಂತು. ಬೆಳಗಿನಿಂದ ನನಗೆ ನೀರೂ ಇಳಿದಿರಲಿಲ್ಲ. ದೊಡ್ಡವ್ವ ಮಾತ್ರ ಇಳಕಲ್ ಸೀರೆ ಉಟ್ಟು, ಮದುವೆಗೆ ಬಂದವಳಂತೆ ಕೋರ್ಟಿನ ಬೆಂಚಿನ ಮೇಲಿದ್ದವರನ್ನೆಲ್ಲ ಯಾವೂರು, ಏನ್ ಕೇಸು, ಉಂಡೀರಿಲ್ಲ ಅಂತ ವಿಚಾರಿಸಿಕೊಂಡಳು. ಕರೆ ಬಂತು. ಕಂಪನಿಯ ವಕೀಲರು ಎದ್ದು ನಿಂತು ನಕ್ಕರು. ಅವರು ಹಾಗೆ ನಕ್ಕಾಗಲೇ ನಾನು ಕಣ್ಣು ಮುಚ್ಚಿಕೊಂಡೆ.

"ನಮಸ್ಕಾರ್ರಿ ಅಮ್ಮಾರ. ಆರಾಮದೀರಿಲ್ಲ?"

"ಆರಾಮ್ ಅದೀನ್ರಿ ಯಪ್ಪಾ! ನಿಮ್ಮ ಮನ್ಯಾಗ ಎಲ್ಲಾರೂ ಆರಾಮೇನು?"

ಕೋರ್ಟಿಗೆ ಕೋರ್ಟೇ ನಕ್ಕಿತು. ನ್ಯಾಯಾಧೀಶರು ಒಬ್ಬ ಹೆಣ್ಣುಮಗಳು. ಅವರೂ ಫೈಲಿನಲ್ಲಿ ಮುಖ ಮರೆ ಮಾಡಿಕೊಂಡರು. ನಾನೊಬ್ಬನೇ ನಗಲಿಲ್ಲ. ವಕೀಲರು ಬಿಡಲಿಲ್ಲ. "ನಮ್ಮವರು ನಿಮ್ಮ ಮನಿಗೆ ಬಂದಾಗ ನೀವ ರೊಟ್ಟಿ ಬಡದು ಹಾಕಿದ್ರಲ್ಲ?"

"ಹೌದ್ರಿ."

"ರೊಟ್ಟಿ ಛಲೋ ಆಗಿದ್ವು?"

ನಮ್ಮ ವಕೀಲರು ಕನ್ನಡಕ ತೆಗೆದರು. ನಾನು ಮನಸ್ಸಿನಲ್ಲೇ ಇಲ್ಲ ಅನ್ನು, ಇಲ್ಲ ಅನ್ನು ದೊಡ್ಡವ್ವ, ನಿನ್ನ ಕಾಲಿಗೆ ಬೀಳುತ್ತೇನೆ ಅನ್ನುತ್ತಿದ್ದೆ. ಅವಳು ಸೆರಗು ಹೊದ್ದು ನೆಟ್ಟಗೆ ನಿಂತಳು. "ಮೊದಲ ಹೆಂಗ ಆಗ್ತಿದ್ವು ಹಂಗ ಆಗಿದ್ವುರಿ" ಅಂದಳು. ಮುಗಿಯಿತು ಅಂದುಕೊಂಡೆ. ಇನ್ನು ಉಳಿದ ಆಯುಷ್ಯವೆಲ್ಲ ಇವಳು ಪರರ ತಾಟಿನ ಮುಂದೆ ತಲೆ ತಗ್ಗಿಸಿ ಕೂರಬೇಕಲ್ಲ!

ಮುಂದಿನ ತಾರೀಖಿಗೆ ಕಂಪನಿಯ ಕಡೆಯ ಸಾಕ್ಷಿ. ಅವನೇ, ಹನುಮಸಾಗರದವನು. ಕಂಪ್ಯೂಟರಿನಲ್ಲಿ ವಿಡಿಯೋ ಹಚ್ಚಿದರು. ದೊಡ್ಡವ್ವ ಬಗ್ಗಿ ಕೂತು ರೊಟ್ಟಿ ಬಡಿಯುತ್ತಿರುವುದು ಎಲ್ಲರಿಗೂ ಕಂಡಿತು, ಬಡಿದ ರೊಟ್ಟಿ ಕಾಣುವ ಮೊದಲೇ ವಿಡಿಯೋ ನಿಂತಿತು. ಕಂಪನಿಯ ವಕೀಲರು ತೃಪ್ತಿಯಿಂದ ಕೂತರು. ನಮ್ಮ ವಕೀಲರು ಮೆಲ್ಲಗೆ ಎದ್ದರು.

"ನೀವು ಯಾವೂರವ್ರು?"

"ಹನುಮಸಾಗರ್ರಿ."

"ಮನ್ಯಾಗ ರೊಟ್ಟಿ ಯಾರು ಬಡೀತಾರ?"

"ನಮ್ಮವ್ವರಿ."

"ಹಂಗಾರ ರೊಟ್ಟಿ ಹೆಂಗಿರಬೇಕು ಅನ್ನೋದು ನಿಮಗ ಗೊತ್ತೈತಿ. ಈ ತಾಯಿ ಹಾಕಿದ ರೊಟ್ಟಿ ಹೆಂಗಿದ್ವು?"

ಕಂಪನಿಯ ವಕೀಲರು ತಕರಾರು ತೆಗೆದರು. ನ್ಯಾಯಾಧೀಶರು ಕೈ ಎತ್ತಿ ತಡೆದು, "ಉತ್ತರ ಕೊಡ್ರಿ" ಅಂದರು. ಅವನು ತನ್ನ ವಕೀಲರ ಕಡೆ ನೋಡಿದ, ನೆಲ ನೋಡಿದ, ಕೊನೆಗೆ ಬೆಂಚಿನ ಮೇಲಿದ್ದ ದೊಡ್ಡವ್ವನ ಕಡೆ ನೋಡಿದ. ಅವಳು ಬೇಡ ಬೇಡ ಅನ್ನುವಂತೆ ತಲೆಯಾಡಿಸುತ್ತಿದ್ದಳು.

"ಪ್ರಮಾಣ ಮಾಡೀನ್ರಿ, ಸುಳ್ಳು ಹೇಳಂಗಿಲ್ಲ" ಅಂದ. "ದಪ್ಪ ಇದ್ವುರಿ. ಅಂಚು ಒಡದಿದ್ವು. ನಡುವ ಹಸೀನ ಇದ್ವು."

"ಮತ್ತ ಬಿಟ್ಟು ಎದ್ರೇನು?"

"ಇಲ್ರಿ. ಎರಡೂ ತಿಂದೆ."

"ಹಸಿ ರೊಟ್ಟಿ ಯಾಕ ತಿಂದ್ರಿ?"

"ಆ ಯವ್ವ ಎದುರಿಗೆ ಕುಂತು ನಾ ಉಣ್ಣೋದು ನೋಡಾಕತ್ತಿದ್ಲುರಿ. ಸೆರಗಿನಾಗ ಕೈ ಮುಚ್ಚಿಕೊಂಡಿದ್ಲು, ಆ ಕೈ ನಡಗತಿತ್ತು. ಹೆಂಗ್ ಬಿಡ್ಲಿ?"

ಕೋರ್ಟಿನಲ್ಲಿ ಯಾರೂ ನಗಲಿಲ್ಲ. ಕೇಸು ಅಲ್ಲಿ ತಿರುಗಿತು ಅಂತ ನನಗೂ ಗೊತ್ತಾಯಿತು. ನಾನು ಸಂತೋಷದಿಂದ ದೊಡ್ಡವ್ವನ ಕಡೆ ತಿರುಗಿದರೆ, ಅವಳು ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು. ಕಾರು ಗುದ್ದಿದಾಗ ಅಳದವಳು! ಬಸ್ಸಿನಲ್ಲಿ ಕುಕನೂರು ಬರುವ ತನಕ ಕಿಟಕಿಯ ಕಡೆಯೇ ಮುಖ ಮಾಡಿದ್ದಳು. ಇಳಿಯುವಾಗ ಒಂದೇ ಮಾತು ಅಂದಳು. "ಅಷ್ಟು ಮಂದಿ ಮುಂದ ಅಂದ್ಬಿಟ್ಟ."

ಕೆಲವು ತಿಂಗಳ ಮೇಲೆ ವಕೀಲರ ಫೋನು ಬಂತು. ಆ ಕೈಗೆ ರೊಟ್ಟಿಯ ಕಸುಬು ಇನ್ನು ಆಗದು ಅಂತ ಕೋರ್ಟು ಒಪ್ಪಿತ್ತು. ದವಾಖಾನೆಯ ಖರ್ಚು, ಹೋದ ದುಡಿಮೆ, ಮುಂದಿನ ದುಡಿಮೆ ಎಲ್ಲ ಸೇರಿ ದೊಡ್ಡವ್ವ ತನ್ನ ಮನೆಯಲ್ಲಿ ತನ್ನ ಅನ್ನ ಉಣ್ಣುವಷ್ಟು ಪರಿಹಾರ ಬಂದಿತ್ತು. ನಾನು ಓಡಿ ಹೋಗಿ ಒಂದೊಂದೇ ತಿಳಿಸಿ ಹೇಳಿದೆ. "ನೋವಿಗಂತನೂ ಬ್ಯಾರೆ ಕೊಟ್ಟಾರ ದೊಡ್ಡವ್ವ" ಅಂದೆ.

"ನೋವಿಗೂ ಕೊಡ್ತಾರೇನು? ನನಗೆಲ್ಲಿ ನೋವೈತಿ?" ಅಂದಳು. ನಾನು ಹಣೆ ಬಡಿದುಕೊಂಡು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಮುಖ ತೊಳೆಯುತ್ತಿದ್ದೆ. ಗೋಡೆಗೆ ಗುದ್ದು ಬಿತ್ತು. ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ! ಟವೆಲ್ಲು ಹೆಗಲ ಮೇಲೆ ಹಾಕಿಕೊಂಡೇ ಹೋದೆ. ದೊಡ್ಡವ್ವ ಒಲೆಯ ಮುಂದೆ ಕೂತಿದ್ದಳು. ನನ್ನ ತಾಟಿನಲ್ಲಿ ರೊಟ್ಟಿ ಇತ್ತು. ಮುರಿದು ತಿಂದೆ. ಅವಳು ಎದುರಿಗೆ ಕೂತು ನೋಡುತ್ತಿದ್ದಳು.

"ಹೆಂಗೈತಿ?"

"ಛಲೋ ಐತಿ ದೊಡ್ಡವ್ವ."

"ಕೋರ್ಟಿನಾಗ ಅವ ಹೇಳ್ದಂಗ ಹೇಳು."

ನಾನು ಬಾಯಲ್ಲಿದ್ದದ್ದನ್ನು ನುಂಗಿದೆ. "ದಪ್ಪ ಐತಿ. ನಡುವ ಹಸಿ ಐತಿ" ಅಂದೆ.

ಅವಳು ತಲೆಯಾಡಿಸಿದಳು. ಸಿಟ್ಟಾಗಲಿಲ್ಲ. ಸೆರಗಿನೊಳಗಿದ್ದ ಬಲಗೈ ಹೊರಗೆ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಹಿಟ್ಟು ಮೆತ್ತಿದ ಕೈ ಇನ್ನೂ ನಡುಗುತ್ತಿತ್ತು. "ನೀ ಖರೇ ಹೇಳ್ದಿ. ನಾನೂ ಹೇಳ್ತೀನಿ, ಯಾರ ಮುಂದೂ ಅನಬ್ಯಾಡ" ಅಂದಳು. "ಕೈ ಭಾಳ ನೋಯ್ತೈತೋ ಯಪ್ಪಾ. ಬಿದ್ದ ದಿನದಿಂದ ನೋಯ್ತೈತಿ."

ಡಾಕ್ಟರು ಕೇಳಿದರು, ವಕೀಲರು ಕೇಳಿದರು, ಕೋರ್ಟು ಕೇಳಿತು. ಆಗೆಲ್ಲ ಹೇಳದೆ, ಕೇಸು ಮುಗಿದ ಮೇಲೆ, ಯಾವ ಉಪಯೋಗಕ್ಕೂ ಬಾರದ ಹೊತ್ತಿನಲ್ಲಿ ನನ್ನೊಬ್ಬನಿಗೆ ಹೇಳಿದಳು. ನನಗೆ ಅಳು ತಡೆಯಲಾಗಲಿಲ್ಲ. ಎಂಜಲು ಕೈಯನ್ನು ಲುಂಗಿಗೆ ಒರೆಸಿಕೊಂಡು ಅವಳ ಕೈ ಹಿಡಿದುಕೊಂಡೆ. ಸೊಟ್ಟ ಎಲುಬು ನನ್ನ ಬೆರಳಿಗೆ ಹತ್ತಿತು. ಅವಳು ಕೈ ಎಳೆದುಕೊಳ್ಳಲಿಲ್ಲ.

"ಬಿಡು ಬಿಡು" ಅಂದಳು ಆಮೇಲೆ, "ಹಂಚು ಕಾದೈತಿ. ಇನ್ನೊಂದು ತಿಂದು ಹೋಗುವಂತಿ."